ದಸ್ತಗೀರಸಾಬರ ಎಣ್ಣೆಯ ಅರಿವೆ

ದಸ್ತಗೀರಸಾಬರು ಕಟ್ಟಿಗೆಯ ನುಣುಪನ್ನು ಬೆರಳಿನಿಂದ ಮುಟ್ಟಿ ನೋಡುತ್ತಿರಲಿಲ್ಲ. ಎತ್ತಿ ಎಡಗಲ್ಲಕ್ಕೆ ಹಚ್ಚಿ, ಕಣ್ಣು ಮುಚ್ಚಿ, ಕಿವಿಯ ಬುಡದಿಂದ ತುಟಿಯ ತುದಿಯವರೆಗೆ ಮೆಲ್ಲಗೆ ಎಳೆದು ನೋಡುತ್ತಿದ್ದರು. ಬಾಗಿಲಿನಂಥ ಎತ್ತಲಾಗದ ವಸ್ತುವಾದರೆ ತಾವೇ ಬಗ್ಗಿ ಅದರ ಮೇಲೆ ಮುಖ ಇಡುತ್ತಿದ್ದರು. ಗದ್ದದಲ್ಲಿ ಬಿಳಿಯ ಗಡ್ಡವಿತ್ತು, ಗಲ್ಲ ಮಾತ್ರ ದಿನಾ ಬೋಳಿಸಿಕೊಳ್ಳುತ್ತಿದ್ದರು. ಹತ್ಯಾರ ಸಾಣೆ ಹಿಡಿದಿಟ್ಟುಕೊಳ್ಳುವ ಹಾಗೆ.

ನಲವತ್ತು ವರ್ಷ ಮರಳಂಟಿದ ಪಾಲಿಶ್ ಕಾಗದ ತಿಕ್ಕಿ ತಿಕ್ಕಿ ಅವರ ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿದ್ದವು. "ಬೆರಳು ಸುಳ್ಳ ಹೇಳ್ತಾವ್ರಿ," ಅನ್ನುತ್ತಿದ್ದರು. "ಎಲ್ಲಾನೂ ನುಣ್ಣಗ ಐತಿ ಅಂತಾವ. ಗಲ್ಲ ಹಂಗಲ್ಲ."

ನಮಗೆ ಪರಿಚಯವಾದದ್ದೂ ಆ ಬೆರಳುಗಳಿಂದಲೇ. ನಾನು ಗೋವೆಯ ಮಡಗಾಂವಿನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಊರು ಧಾರವಾಡ. ಒಂದು ದಿನ ನಮ್ಮ ಕೌಂಟರಿನ ಹೆಬ್ಬೆಟ್ಟಿನ ಯಂತ್ರ ಒಬ್ಬರ ಬೆರಳನ್ನು ಒಪ್ಪದೆ ಮತ್ತೆ ಮತ್ತೆ ಕೆಂಪು ದೀಪ ತೋರಿಸುತ್ತಿತ್ತು. ಅವರ ಹಿಂದೆ ಸಾಲು ಬೆಳೆದಿತ್ತು. ಕೌಂಟರಿನ ಹುಡುಗ ಹಿಂದಿಯಲ್ಲಿ ಗದರಿ ಎರಡು ಸಲ ಕೈ ತೊಳೆದುಕೊಂಡು ಬರಲು ಕಳಿಸಿದ್ದ. ಮೂರನೆಯ ಸಲ ಕೇಳಿದಾಗ ಅವರು ಒದ್ದೆ ಕೈಯನ್ನೇ ನೋಡಿಕೊಳ್ಳುತ್ತ, ಯಾರಿಗೂ ಅಲ್ಲದ ಹಾಗೆ ಕನ್ನಡದಲ್ಲಿ ಅಂದರು: "ತೊಳದ್ರ ಹೊಲಸು ಹೋಗತೈತಿ. ಗೆರಿ ಬರಂಗಿಲ್ಲ."

ನಾನು ಎದ್ದು ಹೋಗಿ ಒಳಗೆ ಕರೆದು ಕೂರಿಸಿದೆ. ಬೆರಳಚ್ಚು ಬಾರದವರಿಗೆ ಬೇರೆ ವ್ಯವಸ್ಥೆ ಇತ್ತು, ಅದನ್ನು ಮಾಡಿಕೊಟ್ಟೆ. ಹತ್ತು ನಿಮಿಷದ ಕೆಲಸ. ಅದನ್ನು ಅವರು ಮರೆಯಲೇ ಇಲ್ಲ. ಬ್ಯಾಂಕಿನ ಸಾಹೇಬರು ನಮ್ಮ ಕಡೆಯವರು, ಭಾಳ ಖರೇ ಮನಷ್ಯಾರು ಎಂದು ತಾವಿದ್ದ ಫಾತೋರ್ಡಾ ಬಡಾವಣೆಯ ಚಹಾದಂಗಡಿಗಳಲ್ಲೆಲ್ಲ ಹೇಳಿಕೊಂಡು ಬಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಕೇಳಿಸಿದಾಗಲೆಲ್ಲ ತಲೆ ತಗ್ಗಿಸುವಂತಾಗುತ್ತದೆ.

ಅವರು ಸವಣೂರ ಕಡೆಯವರು. ಚಿಕ್ಕ ವಯಸ್ಸಿನಲ್ಲಿ ಗೋವೆಗೆ ಬಂದು, ಫಾತೋರ್ಡಾದಲ್ಲಿ ಕಾಮಿಲ್‌ಬಾಬ ಎಂಬ ಫರ್ನಿಚರ್ ಅಂಗಡಿಯವನ ಹತ್ತಿರ ಪಾಲಿಶ್ ಕೆಲಸಕ್ಕೆ ನಿಂತವರು. ಅಂಗಡಿಯ ಹಿಂದೆ ತಗಡು ಹೊದಿಸಿದ ಒಂದು ಶೆಡ್ಡು. ಬಡಗಿಗಳು ಮಾಡಿಟ್ಟ ಬಾಗಿಲು, ಮಂಚ, ಕಪಾಟುಗಳೆಲ್ಲ ಅಲ್ಲಿ ಬಂದು ಇವರ ಕೈಯಿಂದ ಬಣ್ಣ ಹೊಳಪು ಪಡೆದು ಹೊರಗೆ ಹೋಗುತ್ತಿದ್ದವು. ಮಾಲೀಕನ ಜೊತೆ ಕೊಂಕಣಿ, ಬಡಗಿಗಳ ಜೊತೆ ಹಿಂದಿ, ನನ್ನ ಜೊತೆ ಮಾತ್ರ ಸವಣೂರ ಕನ್ನಡ.

ಕೆಲಸದಲ್ಲಿ ಅವರಷ್ಟು ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ಒಮ್ಮೆ ಕೋಲ್ವಾ ಕಡೆಯ ಒಂದು ಮನೆಗೆ ಬಾಗಿಲು ಕೂರಿಸಿ ಎಲ್ಲರೂ ವಾಪಸು ಬಂದಿದ್ದರು. ಬಾಗಿಲಿನ ಅಡಿಯ ಅಂಚಿಗೆ, ಅಂದರೆ ನೆಲಕ್ಕೆ ತಾಗುವಂತಿದ್ದು ಯಾರ ಕಣ್ಣಿಗೂ ಬೀಳದ ಆ ಒಂದೂವರೆ ಇಂಚಿಗೆ, ಎಣ್ಣೆ ಹಚ್ಚಿಲ್ಲವೆಂಬುದು ಇವರಿಗೆ ಊಟಕ್ಕೆ ಕೂತಾಗ ನೆನಪಾಯಿತು. ಅರ್ಧ ಊಟಕ್ಕೇ ಎದ್ದು, ಬಡಗಿಯೊಬ್ಬನನ್ನು ಕರೆದುಕೊಂಡು ಹೋಗಿ, ಬಾಗಿಲು ಕಳಚಿಸಿ, ಎಣ್ಣೆ ಹಚ್ಚಿ ಬಂದರು. ಮನೆಯವರು ನಕ್ಕರಂತೆ. "ನಗಲಿ ಬಿಡ್ರಿ. ಮಳಿ ನೀರು ಕಾಣೂ ಕಡಿಂದ ಒಳಗ ಹೋಗಂಗಿಲ್ಲ." ಯಾವ ಡಬ್ಬಿಯ ಮುಚ್ಚಳ ಬಿಗಿಯಾಗಿದೆ, ಯಾವುದು ಸಡಿಲ, ಯಾವ ಕುಂಚ ಯಾವ ಡಬ್ಬಿಯಲ್ಲಿ ನೆನೆದಿದೆ ಎಂಬುದೆಲ್ಲ ಅವರಿಗೆ ಮನೆಯಲ್ಲಿ ಕೂತೂ ಗೊತ್ತಿರುತ್ತಿತ್ತು. ಬೀಡಿ ಸೇದುತ್ತಿದ್ದರು. ಆದರೆ ಶೆಡ್ಡಿನಲ್ಲಿ ಎಂದೂ ಇಲ್ಲ. ರಸ್ತೆ ದಾಟಿ ಮೋರಿಯ ಕಟ್ಟೆಯ ಮೇಲೆ ಕೂತು ಸೇದಿ, ಕಾಲಲ್ಲಿ ಹೊಸಕಿ, ಮೇಲೆ ಬಾಟ್ಲಿಯ ನೀರು ಸುರಿದು ಬರುತ್ತಿದ್ದರು.

ನನ್ನ ಹತ್ತಿರ ಒಂದು ಎಲೆಕ್ಟ್ರಿಕ್ ಗಿಟಾರ್ ಇದೆ. ಗೋವೆಗೆ ಬಂದ ಹೊಸತರಲ್ಲಿ ಕೊಂಡದ್ದು. ಭಾನುವಾರಗಳಲ್ಲಿ ನಾಲ್ಕು ಹಳೆಯ ಹಿಂದಿ ಹಾಡು ನುಡಿಸುವಷ್ಟು ಬರುತ್ತದೆ, ಅಷ್ಟೆ. ಒಂದು ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟದ್ದು ಹಾಗೇ ಉಳಿದು ಅದರ ಕುತ್ತಿಗೆ, ತಂತಿಗಳ ಕೆಳಗಿನ ಉದ್ದನೆಯ ಹಿಡಿ, ಬಿಲ್ಲಿನಂತೆ ಬಾಗಿತು. ರಿಪೇರಿಯವನು ಹೊಸ ಕುತ್ತಿಗೆ ತರಿಸಿಕೊಳ್ಳಿ ಎಂದ. ತರಿಸಿದೆ. ಮೇಪಲ್ ಎಂಬ ವಿದೇಶದ ಮರದ್ದು, ಬಣ್ಣ ಎಣ್ಣೆ ಏನೂ ಕಾಣದ ಬರಿ ಕಟ್ಟಿಗೆ. ಹಾಗೇ ಇಟ್ಟರೆ ಗೋವೆಯ ಗಾಳಿಯ ತೇವ ಕುಡಿದು ಇದೂ ಬಾಗುತ್ತದೆ ಎಂದು ಅದರ ಜೊತೆ ಬಂದ ಚೀಟಿಯಲ್ಲಿ ಬರೆದಿತ್ತು. ಅದನ್ನು ಹಿಡಿದುಕೊಂಡು ದಸ್ತಗೀರಸಾಬರ ಹತ್ತಿರ ಹೋದೆ.

ಅವರು ಮೇಪಲ್ ಕಂಡದ್ದು ಅದೇ ಮೊದಲು. ಸಾಗವಾನಿ, ಮತ್ತಿ, ಹಲಸು ಬಲ್ಲವರು. ಎರಡೂ ಕೈಯಲ್ಲಿ ತೆಗೆದುಕೊಂಡು ಗಲ್ಲಕ್ಕೆ ಹಚ್ಚಿ ಉದ್ದಕ್ಕೂ ಎಳೆದು ನೋಡಿದರು. "ಹಾಲಿನ ಕೆನಿ ಆದಂಗ ಐತ್ರಿ," ಅಂದರು. ಆಮೇಲೆ ನನ್ನ ಎಡಗೈ ಹಿಡಿದು ಹೆಬ್ಬೆರಳ ಬುಡವನ್ನೂ ಅಂಗೈಯನ್ನೂ ಒತ್ತಿ ನೋಡಿದರು. ನುಡಿಸುವಾಗ ಕೈ ಎಲ್ಲಿ ತಾಗುತ್ತದೆ, ಎಲ್ಲಿ ಜಾರುತ್ತದೆ, ಬೆವರು ಬರುತ್ತದೆಯೇ ಎಂದೆಲ್ಲ ಕೇಳಿದರು. ನಾನು ವಾರ್ನಿಶ್ ಹಚ್ಚಿ ಮಿಂಚುವಂತೆ ಮಾಡಿಕೊಡಿ ಅಂದೆ. ವಾರ್ನಿಶ್ ಬೆವರಿಗೆ ಅಂಟುತ್ತದೆ, ಇದಕ್ಕೆ ಅಗಸಿ ಎಣ್ಣೆಯೇ ಆಗಬೇಕು ಅಂದರು. ಮತ್ತೆ, "ಕುತಗಿ ಹಿಡಿಯೂದು ನಿಮ್ಮ ಕೆಲಸ, ಮಾಡೂದೂ ನಿಮ್ಮ ಕೆಲಸನ. ನಾ ಬಾಜೂಕ ಕುಂದರ್ತೇನಿ," ಎಂದು ನಕ್ಕರು.

ಹಾಗೆ ಮೂರು ಭಾನುವಾರ ನಾನು ಆ ಶೆಡ್ಡಿನಲ್ಲಿ ಅವರ ಶಿಷ್ಯನಾಗಿ ಕೂತೆ. ಅಂಗಡಿಗೆ ರಜೆಯಾದ್ದರಿಂದ ನಾವಿಬ್ಬರೇ. ಮೊದಲ ಭಾನುವಾರ ಬರೀ ತಿಕ್ಕುವುದು. ಒರಟು ಪಾಲಿಶ್ ಕಾಗದದಿಂದ ಶುರುಮಾಡಿ ನಯವಾದದ್ದಕ್ಕೆ ಬರುವುದು. ಕೊನೆಗೆ ರೇಷ್ಮೆಯಂತಾಯಿತು ಎಂದು ನಾನು ಹಿಗ್ಗುತ್ತಿರುವಾಗ ಅವರು ಒದ್ದೆ ಬಟ್ಟೆ ತೆಗೆದು ಅದರ ಮೇಲೆಲ್ಲ ಎಳೆದುಬಿಟ್ಟರು. ಒಣಗಿದ ಮೇಲೆ ನೋಡಿದರೆ ಸಣ್ಣ ಸಣ್ಣ ನಾರು ಎದ್ದು ಮತ್ತೆ ಒರಟಾಗಿತ್ತು. ನನ್ನ ಮುಖ ನೋಡಿ ಅಂದರು: "ಕಟಗಿಗೆ ಒಮ್ಮೆ ಸಿಟ್ಟು ಬರಸಬೇಕ್ರಿ, ಬರಸಿ ಇಳಸಬೇಕು. ಇಲ್ಲಾಂದ್ರ ಮುಂದ ನಿಮ್ಮ ಕೈಯಾಗ ಸಿಟ್ಟು ಮಾಡತೈತಿ." ಮತ್ತೆ ತಿಕ್ಕಿದೆ. ಮೂರು ಸಲ ಸಿಟ್ಟು ಬರಿಸಿ ಇಳಿಸಿದ ಮೇಲೆ ಗಲ್ಲಕ್ಕೆ ಹಚ್ಚಿ ನೋಡಿ, ಆತು ಅಂದರು.

ಎಣ್ಣೆ ಹಚ್ಚುವುದು ಇನ್ನೂ ಸೂಕ್ಷ್ಮ. ಕುದಿಸಿದ ಅಗಸಿ ಎಣ್ಣೆಗೆ ತುಸು ಟರ್ಪಂಟೈನ್ ಬೆರೆಸಿ, ಹಳೆಯ ಚಾದರದ ತುಂಡಿನಲ್ಲಿ ಅದ್ದಿ, ತೆಳ್ಳಗೆ ಹಚ್ಚಬೇಕು. ಕಾಲು ತಾಸು ಬಿಟ್ಟು ಒಣ ಬಟ್ಟೆಯಿಂದ, ಹಚ್ಚಿಯೇ ಇಲ್ಲವೇನೋ ಅನ್ನುವಷ್ಟು ಒರೆಸಿ ತೆಗೆಯಬೇಕು. ನಾನು ಅವಸರ ಮಾಡಿದರೆ ಕೈ ಹಿಡಿದು ನಿಲ್ಲಿಸುತ್ತಿದ್ದರು. ಹಚ್ಚುವುದು ಒಂದು ಪಾಲು, ಒರೆಸುವುದು ಮೂರು ಪಾಲು ಎಂಬುದು ಅವರ ಲೆಕ್ಕ. ಮೊದಲ ಕೈ ಎಣ್ಣೆಗೇ ಮೇಪಲ್ಲಿನ ಒಳಗಿನ ಅಲೆಗಳು, ಅಲ್ಲಿಯವರೆಗೆ ಎಲ್ಲೂ ಕಾಣದಿದ್ದವು, ಜೇನಿನ ಬಣ್ಣದಲ್ಲಿ ಎದ್ದು ಬಂದವು.

ಕೆಲಸ ಮುಗಿದ ಮೇಲೆ ಅವರು ತಪ್ಪದೆ ಮಾಡುತ್ತಿದ್ದ ಒಂದು ಕೆಲಸವಿತ್ತು. ಎಣ್ಣೆಯ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಶೆಡ್ಡಿನ ಹಿಂದಿನ ತಂತಿಯ ಮೇಲೆ ಹರವುತ್ತಿದ್ದರು. ನನಗೂ ಕಲಿಸಿದರು. "ಈ ಎಣ್ಣಿ ಅರಬಿ ಮುದ್ದಿ ಮಾಡಿ ಇಡಬಾರದ್ರಿ. ಉಸರ ಕಟ್ಟಿ ಅದಕ್ಕ ಜ್ವರ ಬರತೈತಿ. ಜ್ವರ ಏರಿದ್ರ ತಾನ ಹೊತ್ತಿಕೊಂತೈತಿ, ಕಡ್ಡಿ ಕೊರೀಬೇಕಂತಿಲ್ಲ." ನಾನು ತಲೆಯಾಡಿಸಿದೆ. ಮುದುಕರ ಮಾತು ಎಂದು ಮನಸ್ಸಿನಲ್ಲೇ ಅಂದುಕೊಂಡೆನೋ ಏನೋ. ಎಣ್ಣೆಯಲ್ಲಿ ನೆನೆದ ಒಂದು ಅರಿವೆ ತಾನಾಗಿ ಉರಿಯುತ್ತದೆಂದು ಪದವಿ ಪಡೆದ ನಾನು ಪೂರ್ತಿ ನಂಬಿರಲಿಲ್ಲ ಎಂಬುದಂತೂ ನಿಜ.

ಮೂರನೆಯ ಭಾನುವಾರ, ಕಡೆಯ ಕೈ ಎಣ್ಣೆ. ಮೇ ತಿಂಗಳ ಬಿಸಿಲು, ತಗಡಿನ ಕೆಳಗೆ ಕೂತರೆ ಕುದಿದಂತಾಗುತ್ತಿತ್ತು. ಎಣ್ಣೆ ಹಚ್ಚಿ ಒರೆಸಲು ಕಾಯುತ್ತಿದ್ದೆ. ದಸ್ತಗೀರಸಾಬರು ಮೋರಿಯ ಕಟ್ಟೆಯ ಮೇಲೆ ಬೀಡಿ ಹಚ್ಚಿಕೊಂಡಿದ್ದಾಗ ಅವರಿಗೆ ಫೋನು ಬಂತು. ಅವರ ಹೆಂಡತಿ ಹುಸೇನಬಿ ನಳದ ಹತ್ತಿರ ತಲೆ ತಿರುಗಿ ಬಿದ್ದಿದ್ದಾರೆಂದು ನೆರೆಯವರು ಹೇಳಿದರಂತೆ. ಅವರು ಗಡಬಡಿಸಿ ಒಳಗೆ ಬಂದು ಅಂಗಿ ಹಾಕಿಕೊಂಡರು. ಕುತ್ತಿಗೆಯನ್ನು ಮೂರು ದಿನ ಇಲ್ಲೇ ತೂಗುಹಾಕಿರಿ, ಅರಬಿ ಹೊರಗೆ ಹರವಿರಿ, ಬೀಗದ ಕೈ ಚಹಾದಂಗಡಿಯಲ್ಲಿ ಕೊಡಿರಿ ಎಂದು ಹೇಳಿ ಓಡಿದರು.

ನಾನು ಒರೆಸಿ ಮುಗಿಸಿದೆ. ಅಷ್ಟರಲ್ಲಿ ಮನೆಯಿಂದ ಎರಡು ಸಲ ಫೋನು. ಬೆಳಗಾವಿಯಿಂದ ಬಂದ ನೆಂಟರು ಊಟಕ್ಕೆ ಕಾಯುತ್ತಿದ್ದರು. ಕುತ್ತಿಗೆಯನ್ನು ಅಲ್ಲಿಯೇ ಬಿಡಲು ಮನಸ್ಸಾಗಲಿಲ್ಲ. ನೆಂಟರಿಗೆ ತೋರಿಸುವ ಹುಕಿ. ಕುತ್ತಿಗೆಯ ತುದಿಯ ಬಿರಡೆಯ ತೂತಿಗೆ ತಂತಿ ಸೇರಿಸಿ ಕೈಯಲ್ಲಿ ತೂಗಿಸಿಕೊಂಡೆ. ಬಟ್ಟೆಗಳು ನಾಲ್ಕು. ಹಿಂದಿನ ತಂತಿಗೆ ಹತ್ತು ಹೆಜ್ಜೆ. ಬಿಸಿಲು ನೋಡಿದೆ. ನಾಲ್ಕನ್ನೂ ಸೇರಿಸಿ ಮುದ್ದೆ ಮಾಡಿ ಬಾಗಿಲ ಪಕ್ಕದ ಮರದ ಹೊಟ್ಟಿನ ಚೀಲದೊಳಗೆ ತುರುಕಿ, ಷಟರ್ ಎಳೆದು, ಬೀಗ ಹಾಕಿ ಹೊರಟೆ. ಮರೆತದ್ದಲ್ಲ. ಅವರು ಹೇಳಿದ್ದು ಆ ಹೊತ್ತಿಗೂ ನೆನಪಿತ್ತು. ಒಂದು ದಿನಕ್ಕೆ ಏನಾಗುತ್ತದೆ ಅಂದುಕೊಂಡೆ.

ಊಟದ ಮನೆಯಲ್ಲಿ ಕುತ್ತಿಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಎಲ್ಲ ನಾನೇ ಮಾಡಿದ್ದು ಅಂದೆ. ದಸ್ತಗೀರಸಾಬರ ಹೆಸರು ಹೇಳಲಿಲ್ಲ.

ಐದು ಗಂಟೆಗೆ ನಮ್ಮ ಬಾಲ್ಕನಿಯಿಂದ ಹೊಗೆ ಕಂಡಿತು. ಅದು ಯಾವ ಕಡೆಯದು ಎಂದು ತಿಳಿದ ಕೂಡಲೇ ಮೆಟ್ಟಿಲಿಳಿದು ಓಡಿದೆ. ಹೋಗುವಷ್ಟರಲ್ಲಿ ಅಗ್ನಿಶಾಮಕದವರು ಆರಿಸಿದ್ದರು. ಯಾರಿಗೂ ಪೆಟ್ಟಾಗಿರಲಿಲ್ಲ. ಒಂದು ಚರ್ಚಿಗೆ ಕೊಡಬೇಕಿದ್ದ ಎರಡು ಬೆಂಚು, ಒಂದು ಮದುವೆಯ ಮಂಚ, ಡಬ್ಬಿಗಳು, ಕುಂಚಗಳು, ಎಲ್ಲ ಸುಟ್ಟಿದ್ದವು. ಶೆಡ್ಡಿನ ಒಳಗೋಡೆಗಳಲ್ಲಿ ಬಾಗಿಲ ಪಕ್ಕದ್ದು, ಹೊಟ್ಟಿನ ಚೀಲ ಇದ್ದಲ್ಲಿ, ಎಲ್ಲಕ್ಕಿಂತ ಹೆಚ್ಚು ಕಪ್ಪಾಗಿ ಬಿರುಕುಬಿಟ್ಟಿತ್ತು. ಅದನ್ನು ನೋಡಿದ ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು. ಸಂಶಯಕ್ಕೆ ಎಡೆಯೇ ಇರಲಿಲ್ಲ.

ದಸ್ತಗೀರಸಾಬರು ಆಗಲೇ ಬಂದಿದ್ದರು. ಹೆಂಡತಿ ಆರಾಮಾಗಿದ್ದರಂತೆ. ಪಾದ ಮುಳುಗುವ ಕರಿ ನೀರಿನಲ್ಲಿ ನಿಂತಿದ್ದವರು ನನ್ನನ್ನು ನೋಡಿ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದಂತೆ ಕೇಳಿದರು.

"ಸಾಹೇಬ್ರ, ಅರಬಿ ಹೊರಗ ಹರವಿದ್ರಿ ಅಲ್ಲ?"

"ಹೌದ್ರಿ," ಅಂದೆ. "ನಾಲ್ಕೂ ತಂತಿ ಮ್ಯಾಲ ಹಾಕೀನಿ."

ಅವರು ನನ್ನ ಮುಖ ನೋಡಿದರು. ಸುಳ್ಳು ಹುಡುಕುವ ನೋಟವಲ್ಲ ಅದು. ಹಿಂದಿನ ತಂತಿ ಹತ್ತು ಹೆಜ್ಜೆಯಲ್ಲೇ ಇತ್ತು. ಅದರ ಮೇಲೆ ಬಟ್ಟೆ ಇದೆಯೋ ಇಲ್ಲವೋ, ಕಡೆಯ ಪಕ್ಷ ಸುಟ್ಟ ಚಿಂದಿಯಾದರೂ ಇದೆಯೋ ಎಂದು ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಬ್ಯಾಂಕಿನ ಸಾಹೇಬರ ಮಾತಿನ ಮೇಲೆ ಮತ್ತೊಂದು ಸಾಕ್ಷಿ ಅವರಿಗೆ ಬೇಕಿರಲಿಲ್ಲ.

"ಹಂಗಾದ್ರ ನನ್ನ ಬೀಡೀನ," ಅಂದರು ಮೆಲ್ಲಗೆ. "ಫೋನ್ ಬಂದಾಗ ಕೈಯಾಗಿತ್ತು. ಹಂಗ ಅಂಗಿ ತಗೊಳ್ಳಾಕ ಒಳಗ ಬಂದೆ. ಆರಿಸಿದ್ದೆ ಅನಸತೈತಿ. ಆರಿಸಿಲ್ಲ ಕಾಣತೈತಿ."

ಕಾಮಿಲ್‌ಬಾಬ ಬಂದ. ಕೂಗಾಡುವ ಮನುಷ್ಯನಲ್ಲ. ಏನಾಯಿತು ಎಂದು ಕೇಳಿದ. ನನ್ನದೇ ತಪ್ಪು, ಬೀಡಿ ಎಂದು ಇವರೇ ಕೊಂಕಣಿಯಲ್ಲಿ ಹೇಳಿದರು. ಅವನು ಸುಟ್ಟ ಬೆಂಚುಗಳ ಕಡೆ ನೋಡಿ, ನಾಳೆಯಿಂದ ಬರಬೇಡ ಎಂದಷ್ಟೇ ಹೇಳಿ ಅಂಗಡಿಯೊಳಗೆ ಹೋದ. ನಾನು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಅಲ್ಲಿಂದ ಬಾಯಿ ತೆರೆದಿದ್ದರೆ ಎಲ್ಲರಿಗೂ ಕೇಳಿಸುತ್ತಿತ್ತು.

ಕೆಲವು ತಿಂಗಳಲ್ಲಿ ಅವರು ಫಾತೋರ್ಡಾ ಬಿಟ್ಟು ಸಾವರ್ಡೆಗೆ, ಲಾರಿ ಓಡಿಸುವ ಮಗನ ಮನೆಗೆ ಹೋದರೆಂದು ಕೇಳಿದೆ. ಗಿಟಾರಿಗೆ ಹೊಸ ಕುತ್ತಿಗೆ ಕೂರಿಸಿದೆ. ಕೈ ಇಟ್ಟರೆ ಜಾರುತ್ತಿತ್ತು, ಬೇಕಾದಲ್ಲಿ ನಿಲ್ಲುತ್ತಿತ್ತು, ಅವರು ಹೇಳಿದ್ದ ಹಾಗೆಯೇ. ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯಲು ಆಗಲಿಲ್ಲ. ಚೀಲದಲ್ಲಿ ಹಾಕಿ ಕಪಾಟಿನ ಮೇಲಿಟ್ಟೆ. ಹೆಂಡತಿ ಯಾಕೆಂದು ಕೇಳಿದಾಗ ಪುರುಸೊತ್ತಿಲ್ಲ ಅಂದೆ. ಒಂದು ಸುಳ್ಳಿನ ಕೆಳಗೆ ಇನ್ನೊಂದು.

ಮೂರು ಮಳೆಗಾಲ ಹೋದವು. ಒಂದು ಸಂಜೆ ಆ ಚಹಾದಂಗಡಿಯವನು, ಗದಗಿನವನು, ಮಾತಿಗೆ ಮಾತು ಬಂದು ದಸ್ತಗೀರಸಾಬರ ಸುದ್ದಿ ಹೇಳಿದ. ಬೀಡಿ ಅಂದೇ ಬಿಟ್ಟರಂತೆ. ಸಾವರ್ಡೆಯ ಪಕ್ಕದ ಕುಡಚಡೆಯಲ್ಲಿ ಒಂದು ಅಂಗಡಿಗೆ ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದರು, ನಿಲ್ಲಲಾಗಲಿಲ್ಲ. ಡಬ್ಬಿ ಮುಚ್ಚಿದೆನೋ ಇಲ್ಲವೋ ಎಂದು ದಿನಕ್ಕೆ ನಾಲ್ಕು ಸಲ ತಿರುಗಿ ತಿರುಗಿ ಓಡುತ್ತಿದ್ದರಂತೆ, ಬಡಗಿಗಳು ಆಡಿಕೊಂಡರು. ಈಗ ಮನೆಗೆ ಬೀಗ ಹಾಕಿ ಅರ್ಧ ದಾರಿ ಹೋದವರು ಒಲೆ ಆರಿದೆಯೋ ನೋಡಲು ವಾಪಸು ಬರುತ್ತಾರೆ. "ಆ ಮನಷ್ಯಾನ ನೆನಪು ಹೆಂಗಿತ್ರಿ, ಕಲ್ಲಾಗ ಕೊರದಂಗ," ಅಂದ. "ಈಗ ತನ್ನ ಕೈ ತಾನ ನಂಬಂಗಿಲ್ಲ."

ನಾನು ಅವರ ಕೆಲಸ ಮಾತ್ರ ಕಳೆದಿದ್ದೇನೆ ಎಂದುಕೊಂಡಿದ್ದೆ. ಚಹಾ ಅರ್ಧಕ್ಕೆ ಬಿಟ್ಟು ಎದ್ದೆ.

ಎರಡನೆಯ ಶನಿವಾರ ಬ್ಯಾಂಕಿಗೆ ರಜೆ. ಸಾವರ್ಡೆಗೆ ಹೋದೆ. ರೈಲು ಹಳಿಯ ಹತ್ತಿರದ ಸಾಲುಮನೆಗಳಲ್ಲಿ ಒಂದರ ಜಗಲಿಯ ಮೇಲೆ ಅವರು ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಸೊರಗಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಬರ್ರಿ ಸಾಹೇಬ್ರ, ಬರ್ರಿ. ಕುತಗಿ ಹ್ಯಾಂಗ ಐತ್ರಿ? ಮಳಿಗಾಲಕ್ಕ ಬಾಗಿಲ್ಲ ಅಲ್ಲ?"

ಬಾಗಿಲ್ಲ ಅಂದೆ. ವರ್ಷಕ್ಕೊಮ್ಮೆ ಎಣ್ಣೆ ಕೈ ಆಡಿಸಬೇಕು, ಆಡಿಸಿದಿರೋ ಇಲ್ಲವೋ ಎಂದು ಕೇಳಿದರು. ಅವರು ಇನ್ನೊಂದು ಮಾತು ಕೇಳುವ ಮೊದಲೇ ಹೇಳಿಬಿಡಬೇಕೆಂದು, ನಿಂತಲ್ಲೇ ಹೇಳಿದೆ. ಅರಿವೆ ಹರವಿರಲಿಲ್ಲ, ಮುದ್ದೆ ಮಾಡಿ ಹೊಟ್ಟಿನ ಚೀಲದಲ್ಲಿ ತುರುಕಿದ್ದೆ, ನೀವು ಕೇಳಿದಾಗ ಸುಳ್ಳು ಹೇಳಿದೆ ಎಂದೆ.

ಸಿಟ್ಟಾಗುತ್ತಾರೆ ಎಂದು ಕಾದೆ. ಅವರು ಪ್ರಶ್ನೆ ಕೇಳಿದರು. ನಾಲ್ಕೂ ಅರಬಿ ಕೂಡಿಸಿದಿರಾ? ಚೀಲ ಅರ್ಧ ತುಂಬಿತ್ತೋ ಪೂರ್ತಿಯೋ? ಎಷ್ಟು ಹೊತ್ತಿಗೆ ಬೀಗ ಹಾಕಿದಿರಿ? ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಅವರು ತಮ್ಮೊಳಗೇ ತಾಳೆ ಹಾಕಿ, "ಒಂದಕ್ಕ ಹಾಕಿದ್ರ ನಾಕೂವರಿಗೆ ಹೊತ್ತತೈತಿ. ಬರಾಬರಿ," ಅಂದರು.

ಆಮೇಲೆ ಒಳಗೆ ತಿರುಗಿ ಕರೆದರು. "ಕೇಳಿದೇನ? ಬೀಡಿ ಅಲ್ಲಂತ."

ಹುಸೇನಬಿ ಬಾಗಿಲಿಗೆ ಬಂದರು. ಎಲ್ಲ ಕೇಳಿಸಿತ್ತು ಅವರಿಗೆ. ನನ್ನ ಕಡೆ ನೋಡಲಿಲ್ಲ, ಗಂಡನಿಗೇ ಹೇಳಿದರು. "ನಾ ಅವತ್ತ ಹೇಳಿದ್ದೆ, ನೀವು ಬೀಡಿ ಆರಸದ ಬರೂ ಪೈಕಿ ಅಲ್ಲಂತ. ನನ್ನ ಮಾತು ನಂಬಲಿಲ್ಲ. ಇವ್ರ ಮಾತು ನಂಬಿದ್ರಿ."

ದಸ್ತಗೀರಸಾಬರು ಒಳಗೆ ಹೋಗಿ ತೊಳೆದ ಅಂಗಿ ಹಾಕಿಕೊಂಡು ಬಂದರು. "ನಡೀರಿ," ಅಂದರು. "ನನ್ನ ಮುಂದ ಹೇಳಿದ್ರಿ, ಚಲೋ ಆತು. ಕಾಮಿಲ್‌ಬಾಬನ ಮುಂದನೂ ಹೇಳ್ರಿ. ನಾ ಇರಬೇಕಾದ್ರ ಹೇಳ್ರಿ."

ಕಾರಿನಲ್ಲಿ ಫಾತೋರ್ಡಾಕ್ಕೆ ಬಂದೆವು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಬಡಗಿಗಳಿದ್ದರು. ಎಲ್ಲರ ನಡುವೆ ನಾನು ಮತ್ತೆ ಅದನ್ನೇ, ಮೊದಲಿಂದ ಕೊನೆಯವರೆಗೆ, ಹಿಂದಿಯಲ್ಲಿ ಹೇಳಿದೆ. ಮುಖಕ್ಕೆ ಬೆಂಕಿ ಹಿಡಿದಂತಾಗಿತ್ತು. ಕಾಮಿಲ್‌ಬಾಬ ನನ್ನನ್ನೊಮ್ಮೆ ಅವರನ್ನೊಮ್ಮೆ ನೋಡಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ. ಹೆದರಿದ್ದೆ ಅಂದೆ. ನನ್ನ ನೌಕರಿ ಹೋಗುವಂಥದ್ದೇನೂ ಅಲ್ಲ ಅದು. ಅವನು ದಸ್ತಗೀರಸಾಬರ ಎರಡೂ ಕೈ ಹಿಡಿದು, ಸೋಮವಾರದಿಂದ ಕೆಲಸಕ್ಕೆ ಬಾ ಎಂದ.

ಅವರು ಕೈ ಬಿಡಿಸಿಕೊಂಡರು. ಒರಟಾಗಿ ಅಲ್ಲ. ಕೊಂಕಣಿಯಲ್ಲಿ ಅಂದದ್ದು ಇಷ್ಟೇ: ಕೆಲಸ ಕೇಳಲು ಬಂದಿಲ್ಲ ಬಾಬ, ಇದನ್ನು ಎಲ್ಲರೂ ಕೇಳಲಿ ಎಂದು ಬಂದಿದ್ದೆ. ಕೇಳಿದರು.

ಹೊರಗೆ ಬಂದು ನಾನು ಕಾರಿನ ಬಾಗಿಲು ತೆರೆದೆ. ಅವರು ಹತ್ತಲಿಲ್ಲ. ಬಸ್ಸಿಗೆ ಹೋಗುತ್ತೇನೆ ಅಂದರು. ಇಷ್ಟು ದೂರ, ಬಿಸಿಲು ಬೇರೆ, ಬಿಟ್ಟು ಬರುತ್ತೇನೆ ಎಂದು ಎರಡು ಸಲ ಹೇಳಿದೆ.

"ಬ್ಯಾಡ್ರಿ," ಅಂದರು. "ನಿಮ್ಮ ಜೋಡಿ ಬರಾಕ ಮನಸ್ಸಿಲ್ರಿ."

ಬಸ್ ನಿಲ್ದಾಣದವರೆಗೆ ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ಸಾವರ್ಡೆಯ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು ಅವರಿಗೆ. ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿದ ಯಾರೋ ಒಬ್ಬ ಕೂತಿದ್ದ. ಯಾವ ಊರಿನವನೋ, ಅವರಿಗೆ ಗುರುತಿರುವ ಹಾಗೆ ಕಾಣಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಾಡಿ ಹೊರಡುವಾಗ ದಸ್ತಗೀರಸಾಬರು ಆ ಮನುಷ್ಯನ ಕಡೆಗೆ ವಾಲಿ ಏನೋ ಹೇಳಲು ಶುರುಮಾಡಿದರು. ಎಂಜಿನ್ ಸದ್ದಿನಲ್ಲಿ ನನಗೆ ಕೇಳಿಸಿದ್ದು ಎರಡೇ ಮಾತು.

"ಬೀಡಿ ಅಲ್ಲಂತ್ರಿ."